ಮನೆಯಲ್ಲೇ ತಯಾರಿಸುವ ನಕಲಿ ಎರೆ: ತುಂಗಾ-ಭದ್ರಾ ತೀರದ ಒಂದು ಹವ್ಯಾಸ

ಮೀನು ಎಂದರೆ ಕರಾವಳಿಯ ಕ್ರೈಸ್ತರಾದ ನಮಗೆ ಊಟದ ವಿಷಯ ಮಾತ್ರವಲ್ಲ. ಪ್ರಭು ಯೇಸು ಮೊದಲು ಕರೆದ ಪೇತ್ರ, ಅಂದ್ರೆಯ, ಯಕೋಬ, ಯೊವಾನ್ನ ನಾಲ್ವರೂ ಬೆಸ್ತರು. ಆದರೆ ಶುಭಸಂದೇಶಗಳಲ್ಲಿ ನಾವು ಕಾಣುವ ಮೀನುಗಾರಿಕೆ ಬಲೆಯದು. ಗಾಳದ ಪ್ರಸ್ತಾಪ ಬರುವುದು ಒಂದೇ ಕಡೆ, ಮತ್ತಾಯನ ಶುಭಸಂದೇಶದ 17ನೇ ಅಧ್ಯಾಯದ ಕೊನೆಯಲ್ಲಿ. ದೇವಾಲಯದ ತೆರಿಗೆ ಕಟ್ಟಬೇಕಾದಾಗ ಪೇತ್ರನಿಗೆ ಸರೋವರಕ್ಕೆ ಹೋಗಿ ಗಾಳ ಹಾಕುವಂತೆ ಪ್ರಭು ಹೇಳುತ್ತಾರೆ, ಮೊದಲು ಸಿಕ್ಕ ಮೀನಿನ ಬಾಯಲ್ಲಿ ನಾಣ್ಯವಿರುತ್ತದೆ. ಆ ಗಾಳಕ್ಕೆ ಪೇತ್ರ ಏನು ಎರೆ ಕಟ್ಟಿದ್ದನೆಂದು ಮತ್ತಾಯ ಬರೆದಿಲ್ಲ. ಗಾಳ ಹಾಕುವವರಿಗೆ ಮಾತ್ರ ಈ ಪ್ರಶ್ನೆ ಏಳದೆ ಇರುವುದಿಲ್ಲ.

ಎರೆ ಎಂದೊಡನೆ ನಮ್ಮಲ್ಲಿ ಎರೆಹುಳು, ಸಿಗಡಿ ಅಥವಾ ಹಿಟ್ಟಿನ ಉಂಡೆ ನೆನಪಾಗುತ್ತದೆ. ಇವಾವುದೂ ಇಲ್ಲದೆ ಲೋಹ, ಮರ, ರಬ್ಬರಿನಿಂದ ಮಾಡಿದ ಸುಳ್ಳು ಮೀನನ್ನೋ ಸುಳ್ಳು ಕಪ್ಪೆಯನ್ನೋ ನೀರಿನಲ್ಲಿ ಎಳೆದು ನಿಜವಾದ ಮೀನನ್ನು ಕೆಣಕುವ ಪದ್ಧತಿಯೂ ಇದೆ. ಇದನ್ನು ಅಂಗಡಿಗಳಲ್ಲಿ ಲೂರ್ ಎನ್ನುತ್ತಾರೆ. ಇಲ್ಲಿ ನಕಲಿ ಎರೆ ಎಂದು ಕರೆಯೋಣ. ಕೊಂಡರೆ ಒಂದೊಂದಕ್ಕೂ ನೂರಾರು ರೂಪಾಯಿ, ಕಲ್ಲಿಗೋ ಬೇರಿಗೋ ಸಿಕ್ಕಿ ಹರಿದರೆ ಅಷ್ಟೂ ನೀರುಪಾಲು. ಮನೆಯಲ್ಲೇ ಮಾಡಿಕೊಂಡರೆ ಖರ್ಚು ಅತಿ ಕಡಿಮೆ. ಆದರೆ ಹಣ ಉಳಿಯುತ್ತದೆ ಎಂಬುದು ಈ ಹವ್ಯಾಸದ ಸಣ್ಣ ಲಾಭ. ಸುಳ್ಳು ಮೀನು ಮಾಡಲು ಹೊರಟವನು ಮೊದಲು ನಿಜವಾದ ಮೀನು ಏನು ತಿನ್ನುತ್ತದೆ, ಎಲ್ಲಿ ಹೊಂಚು ಹಾಕುತ್ತದೆ, ಯಾವಾಗ ಮೊಟ್ಟೆ ಇಡುತ್ತದೆ ಎಂದು ತಿಳಿಯಲೇಬೇಕಾಗುತ್ತದೆ. ಆ ತಿಳಿವಳಿಕೆಯನ್ನು ಹೇಗೆ ಬಳಸುತ್ತೇವೆ ಎಂಬುದು ಮುಂದಿನ ಪ್ರಶ್ನೆ. ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ಘಟ್ಟದ ಮೇಲಿನ ಶಿವಮೊಗ್ಗ ಮತ್ತು ಭದ್ರಾವತಿಯನ್ನು ಇಲ್ಲಿ ಆರಿಸಿಕೊಳ್ಳಲು ಕಾರಣವಿದೆ. ನಮ್ಮ ಅನೇಕ ಕುಟುಂಬಗಳ ಅಣ್ಣತಮ್ಮಂದಿರು, ಅಕ್ಕತಂಗಿಯರು ಕೆಲಸಕ್ಕಾಗಿ ಘಟ್ಟ ಹತ್ತಿ ಅಲ್ಲಿ ನೆಲೆಸಿದ್ದಾರೆ. ಶಿವಮೊಗ್ಗ ಧರ್ಮಪ್ರಾಂತ್ಯ 1988ರಲ್ಲಿ ರಚನೆಯಾಯಿತು. ಅಲ್ಲಿನ ಧರ್ಮಾಧ್ಯಕ್ಷರಾಗಿದ್ದ ಅತಿ ವಂದನೀಯ ಜೆರಾಲ್ಡ್ ಐಸಾಕ್ ಲೋಬೊ ಅವರು 2012ರಲ್ಲಿ ಹೊಸ ಉಡುಪಿ ಧರ್ಮಪ್ರಾಂತ್ಯದ ಮೊದಲ ಧರ್ಮಾಧ್ಯಕ್ಷರಾಗಿ ಘಟ್ಟ ಇಳಿದು ಬಂದರು. ಹೀಗೆ ಹೋಗಿಬರುವ ಸಂಬಂಧ ಹಳೆಯದು. ಇನ್ನೊಂದು ಕಾರಣ ನೀರು. ಗಂಗಾಮೂಲದಲ್ಲಿ ಒಟ್ಟಿಗೆ ಹುಟ್ಟುವ ಎರಡು ನದಿಗಳಲ್ಲಿ ತುಂಗೆ ಶೃಂಗೇರಿ, ತೀರ್ಥಹಳ್ಳಿ, ಮಂಡಗದ್ದೆ, ಗಾಜನೂರಿನ ಅಣೆಕಟ್ಟು ದಾಟಿ ಶಿವಮೊಗ್ಗ ನಗರಕ್ಕೆ ಬರುತ್ತಾಳೆ. ಭದ್ರೆ ಬಾಳೆಹೊನ್ನೂರಿನ ಮೂಲಕ ಲಕ್ಕವಳ್ಳಿಯ ಜಲಾಶಯ ಸೇರಿ, ಅಲ್ಲಿಂದ ಭದ್ರಾವತಿ ಪಟ್ಟಣದ ನಡುವೆ ಹರಿಯುತ್ತಾಳೆ. ಕೂಡ್ಲಿಯಲ್ಲಿ ಇಬ್ಬರೂ ಒಂದಾಗುತ್ತಾರೆ. ಇದಲ್ಲದೆ ಆ ಭಾಗದ ಊರೂರಿಗೂ ಕೆರೆಗಳಿವೆ.

ಮೂರನೆಯ ಕಾರಣ ಕೈಗಳು. ಭದ್ರಾವತಿ ಕಬ್ಬಿಣದ ಊರು. 1918ರಲ್ಲಿ ಮೈಸೂರು ಸಂಸ್ಥಾನ ಆರಂಭಿಸಿದ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಶುರು ಮಾಡಿತು. ಮುಂದೆ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರು ಪಡೆಯಿತು. 1936ರಲ್ಲಿ ಮೈಸೂರು ಕಾಗದ ಕಾರ್ಖಾನೆ ಸ್ಥಾಪನೆಯಾಯಿತು. ಫಿಟ್ಟರ್, ಟರ್ನರ್, ವೆಲ್ಡರ್, ಪ್ಯಾಟರ್ನ್ ಮೇಕರ್ ಕೆಲಸಗಳನ್ನು ತಲೆಮಾರುಗಳು ಇಲ್ಲಿ ಕಲಿತವು. ಕಾಗದ ಕಾರ್ಖಾನೆಯ ಉತ್ಪಾದನೆ 2015ರ ಹೊತ್ತಿಗೆ ನಿಂತುಹೋಯಿತು. ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ 2023ರ ಜನವರಿಯಲ್ಲಿ ಪ್ರಕಟವಾದಾಗ ಇಡೀ ಪಟ್ಟಣವೇ ಬೀದಿಗಿಳಿಯಿತು. ಸೈರನ್ ಕೂಗಿಗೆ ಎದ್ದು ಬದುಕಿದ ಊರಿನಲ್ಲಿ ಕೆಲಸ ಬಲ್ಲ ಕೈಗಳು ಇನ್ನೂ ಇವೆ, ಸಮಯವೂ ಇದೆ. ಅರ, ಗರಗಸ, ಡ್ರಿಲ್ ಹಿಡಿಯಬಲ್ಲ ಅಜ್ಜನೊಬ್ಬ ಮನೆಯಲ್ಲಿದ್ದರೆ ನಕಲಿ ಎರೆ ಮಾಡಲು ಬೇರೆ ಗುರು ಬೇಡ. ಶಿವಮೊಗ್ಗದ ಕಡೆಯೂ ಮಾಚೇನಹಳ್ಳಿಯ ಫೌಂಡ್ರಿಗಳು ಮತ್ತು ಯಂತ್ರಭಾಗ ಮಾಡುವ ಘಟಕಗಳು ಇಂಥ ಕೆಲಸಗಾರರನ್ನು ತಯಾರು ಮಾಡಿವೆ.

ಈ ಹವ್ಯಾಸ ಎಲ್ಲಿಂದ ಬಂತು ಎಂದು ಕೇಳುವವರಿಗೆ ಎರಡು ಕತೆಗಳಿವೆ. ಅಮೆರಿಕದ ವರ್ಮಾಂಟ್ ಪ್ರಾಂತ್ಯದ ಜೂಲಿಯೊ ಬ್ಯುಯೆಲ್ ಎಂಬ ಹುಡುಗ ದೋಣಿಯಲ್ಲಿ ಕುಳಿತು ತಿನ್ನುತ್ತಿದ್ದಾಗ ಕೈಯಲ್ಲಿದ್ದ ಚಮಚ ನೀರಿಗೆ ಬಿತ್ತಂತೆ. ಹೊಳೆಯುತ್ತ ತೂಗಾಡುತ್ತ ಇಳಿದ ಚಮಚವನ್ನು ದೊಡ್ಡ ಮೀನೊಂದು ಹಾರಿ ಹಿಡಿಯಿತಂತೆ. ಕತೆ ಎಷ್ಟು ನಿಜವೋ, ಆದರೆ 1852ರಲ್ಲಿ ಆತ ಚಮಚದಂಥ ಎರೆಗೆ ಪೇಟೆಂಟ್ ಪಡೆದದ್ದಂತೂ ನಿಜ. ಎರಡನೆಯದು ಫಿನ್ಲೆಂಡಿನ ಬಡ ಬೆಸ್ತ ಲೌರಿ ರಪಾಲನದು. ದೊಡ್ಡ ಮೀನುಗಳು ಚಿಕ್ಕ ಮೀನಿನ ಹಿಂಡಿಗೆ ನುಗ್ಗುವಾಗ ಓರೆಯಾಗಿ ತೊನೆಯುತ್ತ ಈಜುವ ಗಾಯಗೊಂಡ ಮೀನನ್ನೇ ಆರಿಸಿಕೊಳ್ಳುವುದನ್ನು ಆತ ಗಮನಿಸಿದ. 1936ರಲ್ಲಿ ಚಪ್ಪಲಿ ಹೊಲಿಯುವವರ ಚಾಕುವಿನಿಂದ ಬಿರಡೆಯ ತುಂಡೊಂದನ್ನು ಕೆತ್ತಿ, ಚಾಕೊಲೇಟಿನ ಬೆಳ್ಳಿ ಕಾಗದ ಸುತ್ತಿ, ಹಳೆಯ ಫೋಟೋ ನೆಗೆಟಿವ್‌ಗಳನ್ನು ಕರಗಿಸಿ ಮೇಲೆ ಬಳಿದ. ಇವತ್ತು ಲೋಕವಿಡೀ ಮಾರಾಟವಾಗುವ ದೊಡ್ಡ ಕಂಪನಿಯೊಂದು ಆ ಬಿರಡೆಯಿಂದ ಹುಟ್ಟಿತು.

ನಮ್ಮ ಕರಾವಳಿಗೂ ಇದರಲ್ಲಿ ಪಾಲಿದೆ ಎಂಬುದು ಅನೇಕರಿಗೆ ತಿಳಿಯದು. ದಕ್ಷಿಣ ಕನ್ನಡದ ಕಲೆಕ್ಟರ್ ಆಗಿದ್ದ ಎಚ್. ಎಸ್. ಥಾಮಸ್ ಅವರು ಭಾರತದ ಗಾಳಗಾರಿಕೆ ಕುರಿತು ಬರೆದ ‘ದಿ ರಾಡ್ ಇನ್ ಇಂಡಿಯಾ’ ಎಂಬ ಹೆಸರಾಂತ ಪುಸ್ತಕ 1873ರಲ್ಲಿ ಪ್ರಕಟವಾದದ್ದು ಮಂಗಳೂರಿನಲ್ಲೇ. ಪಶ್ಚಿಮ ಘಟ್ಟದ ಹೊಳೆಗಳ ಮಹಶೀರ್ ಮೀನಿನ ಬಗ್ಗೆ ಆತ ವಿಸ್ತಾರವಾಗಿ ಬರೆದ. ಮರಿ ಮೀನುಗಳನ್ನು ಸಣ್ಣ ಕಣ್ಣಿನ ಬಲೆ, ಬುಟ್ಟಿಗಳಲ್ಲಿ ಬಾಚಿಕೊಳ್ಳುವುದರ ವಿರುದ್ಧ ಸರ್ಕಾರಕ್ಕೆ ವರದಿಯನ್ನೂ ಕೊಟ್ಟಿದ್ದ.

ಇನ್ನು ಯಾವ ಮೀನು ಈ ಸುಳ್ಳಿಗೆ ಬೀಳುತ್ತದೆ ಎಂಬುದು. ಕಾಟ್ಲಾ, ರೋಹು ಹಿಡಿಯುತ್ತೇನೆ ಎಂದು ನಕಲಿ ಎರೆ ಎಸೆಯುವವನು ಸಂಜೆಯವರೆಗೂ ಎಸೆಯುತ್ತಲೇ ಇರಬೇಕಾದೀತು. ಅವು ನೀರಿನ ಸೂಕ್ಷ್ಮಜೀವಿ, ಪಾಚಿ, ಕೊಳೆತ ಗಿಡ ತಿಂದು ಬದುಕುವಂಥವು. ಓಡುವ ಬೇಟೆಯನ್ನು ಅಟ್ಟಿಸಿಕೊಂಡು ಹೋಗುವ ಜಾತಿಯವಲ್ಲ. ನಕಲಿ ಎರೆ ಬೇಟೆಗಾರ ಮೀನುಗಳಿಗೆ. ಕೆರೆಗಳಲ್ಲಿ ಮತ್ತು ನದಿಯ ನಿಂತ ಮಡುಗಳಲ್ಲಿ ಕೊರವ, ಅಂದರೆ ಮುರಲ್ ಜಾತಿಯ ಮೀನು. ಆಳದ ನಿಧಾನ ನೀರಿನಲ್ಲಿ ಬಾಳೆ ಮೀನು. ಇದಕ್ಕೆ ಪೊರೆಯಿಲ್ಲ, ಉದ್ದ ಮೀಸೆಯಿದೆ, ಬಾಯಿ ಕಣ್ಣಿನಾಚೆಗೂ ಸೀಳಿರುತ್ತದೆ, ಸಣ್ಣ ಹಲ್ಲುಗಳ ಸಾಲು ಚರ್ಮ ಕಿತ್ತುಬರುವಂತೆ ಉಜ್ಜುತ್ತದೆ. ಹರಿಯುವ ಕಲ್ಲುಹೊಳೆಯಲ್ಲಿ ಮಹಶೀರ್. ಇದು ಹಣ್ಣು, ಏಡಿ, ಚಿಕ್ಕ ಮೀನು ಎಲ್ಲವನ್ನೂ ತಿನ್ನುವ ಮೀನು. ಆದ್ದರಿಂದ ಚಮಚಕ್ಕೂ ಬರುತ್ತದೆ. 1946ರಲ್ಲಿ ಮೈಸೂರಿನ ಪ್ರಸಿದ್ಧ ವಾನ್ ಇಂಗೆನ್ ಕುಟುಂಬದವರೊಬ್ಬರು ಕಾವೇರಿ ಕೊಳ್ಳದಲ್ಲಿ ಹಿಡಿದ ಮಹಶೀರ್ 120 ಪೌಂಡ್, ಅಂದರೆ ಸುಮಾರು 54 ಕಿಲೋ ತೂಗಿತ್ತು. ಕಾವೇರಿಯ ಆ ಜಾತಿ ಬೇರೆ, ತುಂಗೆಯ ಜಾತಿ ಬೇರೆ, ಗಾತ್ರದ ಆಸೆಯನ್ನು ಇಲ್ಲಿ ಅಷ್ಟು ಬೆಳೆಸಿಕೊಳ್ಳಬೇಕಿಲ್ಲ.

ಮೀನು ಎರಡು ರೀತಿಯಲ್ಲಿ ಎರೆಯನ್ನು ಗುರುತಿಸುತ್ತದೆ. ಒಂದು ಕಣ್ಣು. ಇನ್ನೊಂದು ಪಕ್ಕೆಯ ಉದ್ದಕ್ಕೂ ಸಾಗುವ ಗೆರೆ. ನೀವು ಮೀನು ತೊಳೆಯುವಾಗ ಕಿವಿರಿನಿಂದ ಬಾಲದವರೆಗೆ ಚುಕ್ಕಿ ಇಟ್ಟಂತೆ ಕಾಣುವ ಗೆರೆ ಅದೇ. ನೀರಿನ ಅತಿ ಸಣ್ಣ ಕಂಪನವೂ ಅದಕ್ಕೆ ಗೊತ್ತಾಗುತ್ತದೆ. ಆದ್ದರಿಂದ ಮಳೆಗಾಲದ ಕೆಂಪು ನೀರಿನಲ್ಲಿ ಬಣ್ಣಕ್ಕಿಂತ ಎರೆಯ ಅಲುಗಾಟ ಮುಖ್ಯ. ಮಳೆ ಮುಗಿದು ನೀರು ತಿಳಿಯಾದ ಮೇಲೆ ಥಳಥಳ ಹೊಳೆಯುವುದಕ್ಕಿಂತ ಮಂಕಾದ, ಅಲ್ಲಿನ ಚಿಕ್ಕ ಮೀನಿನ ಬಣ್ಣಕ್ಕೆ ಹತ್ತಿರವಾದ ಎರೆಯೇ ವಾಸಿ. ಅಂಗಡಿಯ ಎರೆಗಳ ಬಣ್ಣ ನೋಡಿ ಮರುಳಾಗುವವರು ಹೆಚ್ಚು. ಆ ಬಣ್ಣ ಮೊದಲು ಹಿಡಿಯುವುದು ಮೀನನ್ನಲ್ಲ, ಗಿರಾಕಿಯನ್ನು!

ಮೊದಲ ಸಲ ಮಾಡುವವರು ಚಮಚದಿಂದಲೇ ಆರಂಭಿಸಲಿ. ಹಳೆಯ ಸ್ಟೀಲ್ ಅಥವಾ ಹಿತ್ತಾಳೆ ಚಮಚದ ಹಿಡಿಯನ್ನು ಗರಗಸದಿಂದ ಕತ್ತರಿಸಿ ತೆಗೆಯಿರಿ. ಕತ್ತರಿಸಿದ ಅಂಚನ್ನು ಬೆರಳು ಸವರಿದರೂ ತಾಗದಂತೆ ಅರದಿಂದ ನುಣುಪು ಮಾಡಿ. ಇಲ್ಲವಾದರೆ ಅದೇ ಅಂಚು ದಾರವನ್ನು ಕೊಯ್ಯುತ್ತದೆ. ಎರಡೂ ತುದಿಗಳಲ್ಲಿ ಅಂಚಿನಿಂದ ಮೂರು ಮಿಲಿಮೀಟರ್ ಬಿಟ್ಟು ಒಂದೊಂದು ಸಣ್ಣ ತೂತು ಕೊರೆಯಬೇಕು. ಹಿತ್ತಾಳೆ ಸುಲಭವಾಗಿ ಕೊರೆಯುತ್ತದೆ. ಸ್ಟೀಲ್ ಹಾಗಲ್ಲ. ಪಂಚಿನಿಂದ ಗುರುತು ಹೊಡೆದು, ಒಂದು ಹನಿ ಎಣ್ಣೆ ಬಿಟ್ಟು, ಡ್ರಿಲ್ಲನ್ನು ನಿಧಾನವಾಗಿ ತಿರುಗಿಸುತ್ತ ಗಟ್ಟಿಯಾಗಿ ಒತ್ತಬೇಕು. ವೇಗವಾಗಿ ತಿರುಗಿಸಿದರೆ ಸ್ಟೀಲ್ ಬಿಸಿಯಾಗಿ ಮತ್ತಷ್ಟು ಗಡುಸಾಗುತ್ತದೆ, ಬಿಟ್ ಮೊಂಡಾಗುತ್ತದೆ. ಕಾರ್ಖಾನೆಯಲ್ಲಿ ಕೆಲಸ ಮಾಡಿದವರಿಗೆ ಇದನ್ನು ಹೇಳಬೇಕಾಗಿಲ್ಲ.

ಚಮಚದ ಬಟ್ಟಲು ಹಿಡಿಯ ಕಡೆ ಅಗಲ, ತುದಿಯ ಕಡೆ ಕಿರಿದು. ಕಿರಿದಾದ ತುದಿಗೆ ದಾರ, ಅಗಲವಾದ ಕಡೆಗೆ ಗಾಳ. ಕೀಲಿಕೈ ಗೊಂಚಲಿನಲ್ಲಿ ಇರುವಂಥ ಸುರುಳಿ ಉಂಗುರದ ಚಿಕ್ಕ ರೂಪವನ್ನು ಎರಡೂ ತೂತುಗಳಿಗೆ ಹಾಕಿ, ಒಂದಕ್ಕೆ ಗಾಳ, ಇನ್ನೊಂದಕ್ಕೆ ಸ್ವಿವಲ್ ಸೇರಿಸಿ. ಸ್ವಿವಲ್ ಎಂದರೆ ಎರಡೂ ಕಡೆ ತಿರುಗುವ ಚಿಕ್ಕ ಕೊಂಡಿ. ಅದಿಲ್ಲದಿದ್ದರೆ ಚಮಚ ಗಿರಗಿರ ತಿರುಗಿ ತಂಗೂಸು ದಾರವೆಲ್ಲ ಹುರಿಗಟ್ಟಿ ಗಂಟಾಗುತ್ತದೆ. ಬಾಳೆ ಮೀನು ಇರುವ ಕಡೆ ಎರೆಯ ಮುಂದೆ ಒಂದು ಗೇಣು ತೆಳುವಾದ ಉಕ್ಕಿನ ತಂತಿ ಬೇಕೇ ಬೇಕು. ಚಮಚವನ್ನು ಮರದ ದಿಮ್ಮಿಯ ಮೇಲಿಟ್ಟು ಸುತ್ತಿಗೆಯಿಂದ ಸ್ವಲ್ಪ ಗುಳಿ ಹೆಚ್ಚಿಸಿದರೆ ಅಗಲವಾಗಿ ತೊನೆಯುತ್ತದೆ. ಚಪ್ಪಟೆ ಮಾಡಿದರೆ ಬೇಗ ಬೇಗ ನಡುಗುತ್ತದೆ. ದಪ್ಪ ಚಮಚ ದೂರ ಹೋಗಿ ಬೇಗ ಮುಳುಗುತ್ತದೆ, ತೆಳುವಾದದ್ದು ಎಲೆಯಂತೆ ತೇಲಾಡುತ್ತ ಇಳಿಯುತ್ತದೆ. ಒಂದೇ ಜೊತೆಯ ನಾಲ್ಕು ಚಮಚ ಸಿಕ್ಕರೆ ನಾಲ್ಕನ್ನೂ ನಾಲ್ಕು ರೀತಿ ಬಗ್ಗಿಸಿ ನೋಡುವುದರಲ್ಲೇ ಅರ್ಧ ಸಂತೋಷವಿದೆ. ಅಡುಗೆಮನೆಯವರ ಅನುಮತಿ ಪಡೆಯುವುದು ಮಾತ್ರ ನಿಮ್ಮ ಜವಾಬ್ದಾರಿ.

ಮರದ ಮೀನು ಹೆಚ್ಚು ತಾಳ್ಮೆಯ ಕೆಲಸ. ಸಾಗುವಾನಿ, ಬೀಟೆ ಭಾರ. ಬೂರುಗ, ಹಾಲುವಾಣದಂಥ ಹಗುರ ಮರ ಬೇಕು. ಚೆನ್ನಾಗಿ ಒಣಗಿರಬೇಕು. (ಸಾಗರ, ಸೊರಬದ ಗುಡಿಗಾರರು ಗಂಧದ ಮರ ಕೆತ್ತುವುದರ ಜೊತೆಗೆ ಹಗುರವಾದ ಬೆಂಡಿನಿಂದ ಬಾಸಿಂಗ ಮಾಡುವವರು. ಹಗುರ ವಸ್ತುವನ್ನು ಚೂರಾಗದಂತೆ ಕೊಯ್ಯುವ ಚಾಕಚಕ್ಯತೆ ನೋಡಬೇಕೆಂದರೆ ಅವರ ಕೈ ನೋಡಬೇಕು.) ಎಂಟು ಸೆಂಟಿಮೀಟರ್ ಉದ್ದ, ಎರಡು ಸೆಂಟಿಮೀಟರ್ ದಪ್ಪದ ತುಂಡನ್ನು ಮೀನಿನ ಆಕಾರಕ್ಕೆ ಕೆತ್ತಿ, ಮರಳು ಕಾಗದದಲ್ಲಿ ತಿಕ್ಕಿ. ಹೊಟ್ಟೆಯ ಕಡೆ ಉದ್ದಕ್ಕೂ ಗರಗಸದಿಂದ ಒಂದು ಸೀಳು ಹಾಕಿ, ತುಕ್ಕು ಹಿಡಿಯದ ತಂತಿಯೊಂದನ್ನು ಮೂತಿಯಿಂದ ಬಾಲದವರೆಗೆ ಒಳಗೆ ಕೂರಿಸಬೇಕು. ಮೂತಿಯಲ್ಲಿ ದಾರಕ್ಕೆ, ಹೊಟ್ಟೆಯಲ್ಲಿ ಮತ್ತು ಬಾಲದಲ್ಲಿ ಗಾಳಕ್ಕೆ ಆ ತಂತಿಯನ್ನೇ ಬಳೆಯಾಗಿ ಸುತ್ತಬೇಕು. ಬರೇ ಸ್ಕ್ರೂ ಕೊಕ್ಕೆ ತಿರುಗಿಸಿದರೆ ಆಗದೆ ಎಂದು ಕೇಳಬಹುದು. ಚಿಕ್ಕ ಮೀನಿಗೆ ಆದೀತು. ದೊಡ್ಡ ಮೀನು ಎಳೆದಾಗ ಹಗುರ ಮರ ಕೊಕ್ಕೆಯನ್ನು ಬಿಟ್ಟುಕೊಡುತ್ತದೆ. ಆಗ ಮೀನು ಬಾಯಲ್ಲಿ ಗಾಳ ಹೊತ್ತು ಹೋಗಿ ನರಳುತ್ತದೆ.

ಹೊಟ್ಟೆಯ ಸೀಳಿನಲ್ಲಿ ಮುಂಭಾಗಕ್ಕೆ ಸ್ವಲ್ಪ ಭಾರ ಇಡಬೇಕು. ಹಳೆಯ ಬೇರಿಂಗಿನ ಗುಂಡುಗಳು ಇದಕ್ಕೆ ಬಹಳ ಒಳ್ಳೆಯದು, ಯಾವ ಗ್ಯಾರೇಜಿನಲ್ಲಾದರೂ ಸಿಗುತ್ತವೆ. ಸೀಳನ್ನು ಅರಾಲ್ಡೈಟ್‌ನಂಥ ಎರಡು ಟ್ಯೂಬಿನ ಅಂಟಿನಿಂದ ಮುಚ್ಚಿ. ಇನ್ನು ಮೂತಿಯ ಕೆಳಗೆ ನಾಲಗೆಯಂತೆ ಚಾಚಿಕೊಂಡ ಒಂದು ತುಟಿ ಬೇಕು. ಎರೆಯನ್ನು ಈಜಿಸುವುದೇ ಇದು. ಕೆಲಸಕ್ಕೆ ಬಾರದ ಸೀಡಿ ತಟ್ಟೆಯನ್ನು ಬಿಸಿನೀರಿನಲ್ಲಿಟ್ಟು ಕತ್ತರಿಸಿದರೆ ಗಟ್ಟಿಯಾದ ತುಟಿ ಸಿಗುತ್ತದೆ. ಹಳೆಯ ಭಕ್ತಿಗೀತೆಗಳ ಗೀರುಬಿದ್ದ ಸೀಡಿಗಳು ಎಷ್ಟು ಮನೆಗಳಲ್ಲಿ ಸುಮ್ಮನೆ ಬಿದ್ದಿಲ್ಲ! ತುಟಿಯನ್ನು ನೆಟ್ಟಗೆ ಕೆಳಮುಖವಾಗಿ ಕೂರಿಸಿದರೆ ಎರೆ ಮೇಲುಮೇಲಕ್ಕೆ ಈಜುತ್ತದೆ. ಮೀನಿನ ಮೈಗೆ ಸಮನಾಗಿ ಮುಂದಕ್ಕೆ ಚಾಚಿದರೆ ಆಳಕ್ಕೆ ಧುಮುಕುತ್ತದೆ. ಬಣ್ಣದ ಮೇಲೆ ಮೂರು ನಾಲ್ಕು ಸಲ ವಾರ್ನಿಷ್ ಬಳಿದು, ಪ್ರತಿ ಸಲವೂ ಪೂರ್ತಿ ಒಣಗಲು ಬಿಡಿ. ಒಂದು ಸೂಜಿಮೊನೆಯಷ್ಟು ಜಾಗ ಬಿಟ್ಟುಹೋದರೂ ನೀರು ನುಗ್ಗಿ ಮರ ಉಬ್ಬಿ ಬಿರಿಯುತ್ತದೆ.

ಗಾಳ ಕಟ್ಟುವ ಮೊದಲು ಬಕೆಟ್ ನೀರಿನಲ್ಲಿ ಪರೀಕ್ಷೆ. ಎರೆ ಬೆನ್ನು ಮೇಲೆ, ಹೊಟ್ಟೆ ಕೆಳಗೆ ಇಟ್ಟುಕೊಂಡು ತೇಲಬೇಕು. ಮಗ್ಗುಲಾದರೆ ಭಾರ ಸಾಲದು ಅಥವಾ ಜಾಗ ತಪ್ಪಿದೆ. ಆಮೇಲೆ ಹರಿಯುವ ನೀರಿನಲ್ಲಿ ಎಳೆದು ನೋಡಿ. ನಿಮ್ಮ ಕಡೆ ಬರುತ್ತಾ ಎಡಕ್ಕೆ ಸರಿದರೆ ಮೂತಿಯ ತಂತಿಬಳೆಯನ್ನು ಇಕ್ಕಳದಿಂದ ಕೂದಲೆಳೆಯಷ್ಟು ಬಲಕ್ಕೆ ಬಗ್ಗಿಸಿ. ಬಲಕ್ಕೆ ಸರಿದರೆ ಎಡಕ್ಕೆ. ಇಷ್ಟಕ್ಕೇ ಸತ್ತಂತಿದ್ದ ಮರದ ತುಂಡು ಜೀವ ಬಂದ ಹಾಗೆ ತೊನೆಯಲು ಶುರುಮಾಡುತ್ತದೆ.

ಕೆರೆಗೆ ಬೇಕಾದದ್ದು ಕಪ್ಪೆ. ತಾವರೆ ಎಲೆ, ಜೊಂಡು ತುಂಬಿದ ಕೆರೆಯಲ್ಲಿ ಚಮಚವಾಗಲಿ ಮರದ ಮೀನಾಗಲಿ ಎರಡು ಮಾರು ಎಳೆಯುವಷ್ಟರಲ್ಲಿ ಕಳೆಗೆ ಸಿಕ್ಕಿಕೊಳ್ಳುತ್ತದೆ. ಸವೆದ ಹವಾಯಿ ಚಪ್ಪಲಿಯ ಅಟ್ಟೆಯಿಂದ ಹೆಬ್ಬೆರಳಿನ ಗಾತ್ರದ ಎರಡು ತುಂಡು ಕತ್ತರಿಸಿ, ನಡುವೆ ಜೋಡಿ ಮುಳ್ಳಿನ ಗಾಳವಿಟ್ಟು ರಬ್ಬರ್ ಅಂಟಿನಿಂದ ಜೋಡಿಸಿ. ಮುಳ್ಳುಗಳ ಮೊನೆ ಮೇಲ್ಮುಖವಾಗಿ ಬೆನ್ನಿಗೆ ಒತ್ತಿಕೊಂಡಿರಲಿ. ಆಗ ಕಳೆಯ ಮೇಲೆ ಎಳೆದರೂ ಸಿಕ್ಕಿಕೊಳ್ಳದು. ಸೈಕಲ್ ಟ್ಯೂಬಿನ ಎರಡು ಸೀಳು ಹಿಂಗಾಲಾಗುತ್ತವೆ. ಎಲೆಯ ಮೇಲೆ ಎಸೆದು, ಎಳೆದು, ನಿಲ್ಲಿಸಿ, ಮತ್ತೆ ಎಳೆಯಬೇಕು. ಕೊರವ ಧಡಕ್ಕನೆ ಮೇಲೆದ್ದು ಕಚ್ಚಿದಾಗ ತಕ್ಷಣ ಜಗ್ಗಿದರೆ ಕಪ್ಪೆ ಮಾತ್ರ ಹಾರಿಬರುತ್ತದೆ. ಮನಸ್ಸಿನಲ್ಲೇ ಒಂದು, ಎರಡು ಎಣಿಸಿ ಎಳೆಯಿರಿ. ನೂರು ರೂಪಾಯಿಯ ಚಪ್ಪಲಿ ಸವೆದ ಮೇಲೂ ಹತ್ತಾರು ಕಪ್ಪೆ ಕೊಡುತ್ತದೆ. ನನ್ನ ಅಭಿಪ್ರಾಯದಲ್ಲಿ ನಮ್ಮ ಕೆರೆಗಳಿಗೆ ಇದಕ್ಕಿಂತ ಒಳ್ಳೆಯ ಎರೆ ಅಂಗಡಿಯಲ್ಲಿಲ್ಲ.

ಒಂದು ಎಚ್ಚರಿಕೆಯನ್ನು ಪೋಷಕರು ತಪ್ಪದೆ ಓದಬೇಕು. ಭಾರಕ್ಕಾಗಿ ಸೀಸ ಕರಗಿಸಿ ಹೊಯ್ಯುವುದು ಹಳೆಯ ರೂಢಿ. ಸೀಸ ಸುಮಾರು 327 ಡಿಗ್ರಿಯಲ್ಲೇ ಕರಗುವುದರಿಂದ ಅಡುಗೆಮನೆಯ ಒಲೆ ಸಾಕಾಗುತ್ತದೆ. ಅಪಾಯ ಇರುವುದೇ ಅಲ್ಲಿ. ಅದರ ಹೊಗೆ ಮತ್ತು ಧೂಳು ಮಕ್ಕಳ ಮಿದುಳಿನ ಬೆಳವಣಿಗೆಯನ್ನು ಕೆಡಿಸುತ್ತದೆ. ಒಮ್ಮೆ ಸೀಸ ಕಾಯಿಸಿದ ಪಾತ್ರೆಯನ್ನು ಎಷ್ಟು ತಿಕ್ಕಿದರೂ ಊಟಕ್ಕೆ ಬಳಸಬಾರದು. ಹಳೆಯ ಬ್ಯಾಟರಿ ಒಡೆದು ಸೀಸ ತೆಗೆಯುವುದಂತೂ ಇನ್ನೂ ಕೆಟ್ಟದ್ದು. ನೀರಿನಲ್ಲಿ ಕಳೆದುಹೋದ ಸೀಸದ ಗುಂಡುಗಳನ್ನು ಹಂಸಗಳು ನುಂಗಿ ಸಾಯುತ್ತಿದ್ದ ಕಾರಣ ಇಂಗ್ಲೆಂಡಿನಲ್ಲಿ 1987ರಿಂದ ಗಾಳದ ಸಣ್ಣ ಸೀಸದ ಗುಂಡುಗಳ ಮಾರಾಟವನ್ನೇ ನಿಷೇಧಿಸಿದರು. ಕಬ್ಬಿಣದ ಊರಿನವರಿಗೆ ಸೀಸವೇ ಏಕೆ? ನಟ್ಟು, ಬೋಲ್ಟು, ಬೇರಿಂಗ್ ಗುಂಡು, ಹಿತ್ತಾಳೆ ಚೂರು ಗುಜರಿಯಲ್ಲಿ ಬೇಕಾದಷ್ಟು ಸಿಗುತ್ತವೆ.

ಗಾಳದ ಮೊನೆಯ ಹಿಂದೆ ಹಿಮ್ಮುಖವಾಗಿರುವ ಸಣ್ಣ ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿಬಿಡಿ. ಒಂದೆರಡು ಮೀನು ತಪ್ಪಿಸಿಕೊಳ್ಳಬಹುದು. ಆದರೆ ಬಿಡಬೇಕಾದ ಮೀನನ್ನು ಗಾಯವಿಲ್ಲದೆ ಬಿಡಬಹುದು, ಬೆರಳಿಗೆ ಚುಚ್ಚಿದರೂ ಸುಲಭವಾಗಿ ಹೊರಬರುತ್ತದೆ. ಹಿಮ್ಮುಳ್ಳಿನ ಗಾಳ ಚುಚ್ಚಿಕೊಂಡರೆ ಎಳೆಯದೆ, ದಾರ ಕತ್ತರಿಸಿ ಆಸ್ಪತ್ರೆಗೆ ಹೋಗಿ ತೆಗೆಸಿ, ಧನುರ್ವಾತದ ಚುಚ್ಚುಮದ್ದು ಹಾಕಿಸಿಕೊಳ್ಳಿ. ಹಿಂದೆ ಯಾರು ನಿಂತಿದ್ದಾರೆಂದು ನೋಡದೆ ಎಂದೂ ಎಸೆಯಬಾರದು. ಅಣೆಕಟ್ಟಿನ ಕೆಳಗೆ ನದಿಪಾತ್ರದ ಬಂಡೆಗಳ ಮೇಲೆ ಕೂರುವವರು ಗೇಟು ತೆರೆದರೆ ನೀರು ನಿಮಿಷಗಳಲ್ಲಿ ಏರುತ್ತದೆ ಎಂಬುದನ್ನು ಮರೆಯಬಾರದು.

ಎಲ್ಲಿ ಹಾಕಬಾರದು ಎಂಬುದೂ ತಿಳಿದಿರಲಿ. ತೀರ್ಥಹಳ್ಳಿ ಬಳಿಯ ಚಿಪ್ಪಲಗುಡ್ಡೆ ಮತ್ಸ್ಯಧಾಮ ಮತ್ತು ಶೃಂಗೇರಿಯ ದೇವಸ್ಥಾನದ ಘಟ್ಟದಲ್ಲಿ ಮೀನುಗಳಿಗೆ ಪೂರ್ಣ ರಕ್ಷಣೆಯಿದೆ. ಇತರ ಧರ್ಮದ ಬಾಂಧವರಿಗೆ ಅವು ದೇವರ ಮೀನುಗಳು. ನಾವೂ ಅದೇ ಗೌರವದಿಂದ ನಡೆದುಕೊಳ್ಳಬೇಕು. ಬೆಳ್ತಂಗಡಿ ತಾಲೂಕಿನ ಶಿಶಿಲದಲ್ಲಿ 1996ರಲ್ಲಿ ದುಷ್ಕರ್ಮಿಗಳು ವಿಷ ಹಾಕಿ ಸಾವಿರಾರು ಮಹಶೀರ್‌ಗಳನ್ನು ಕೊಂದ ಘಟನೆಯನ್ನು ನಮ್ಮ ಹಿರಿಯ ಓದುಗರು ಮರೆತಿರಲಾರರು. ಭದ್ರಾ ಜಲಾಶಯದ ಹಿನ್ನೀರಿನ ಅಂಚು ಭದ್ರಾ ಅಭಯಾರಣ್ಯಕ್ಕೆ ತಾಗಿದೆ. ಅಭಯಾರಣ್ಯದೊಳಗೆ ಗಾಳ ಹಾಕುವುದು ಅಪರಾಧ. ಕೆರೆಗಳ ಮೀನಿನ ಹಕ್ಕು ಸಾಮಾನ್ಯವಾಗಿ ಮೀನುಗಾರರ ಸಹಕಾರ ಸಂಘಕ್ಕೋ ಗುತ್ತಿಗೆದಾರರಿಗೋ ಸೇರಿರುತ್ತದೆ. ನಮ್ಮ ಹವ್ಯಾಸ ಅವರ ಅನ್ನ ಎಂಬ ನೆನಪಿರಲಿ. ಕೇಳಿ ಹಾಕಿ, ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲೂ ವಿಚಾರಿಸಿ. ಶಿವಮೊಗ್ಗ-ತೀರ್ಥಹಳ್ಳಿ ರಸ್ತೆಯ ಮಂಡಗದ್ದೆಯಲ್ಲಿ ಮಳೆಗಾಲದಲ್ಲಿ ಬೆಳ್ಳಕ್ಕಿ, ನೀರುಕಾಗೆಗಳು ನದಿಯ ನಡುವಿನ ಮರಗಳಲ್ಲಿ ಗೂಡು ಕಟ್ಟುತ್ತವೆ. ಮರಕ್ಕೆ ಸಿಕ್ಕಿ ಬಿಟ್ಟುಬಂದ ಒಂದು ಮಾರು ತಂಗೂಸು ದಾರ ಹಕ್ಕಿಯ ಕಾಲಿಗೆ ಸುತ್ತಿಕೊಂಡರೆ ಅದು ನೇತಾಡಿಯೇ ಸಾಯುತ್ತದೆ. ಹರಿದ ದಾರವನ್ನು ಕಿಸೆಗೆ ಹಾಕಿಕೊಂಡು ಬರುವುದು ಈ ಹವ್ಯಾಸದ ಮೊದಲ ಶಿಸ್ತು.

ಈಗ ಆರಂಭದಲ್ಲಿ ಹೇಳಿದ ಪ್ರಶ್ನೆ. ಕೊರವ ಮೀನು ಮರಿ ಸಾಕುವ ರೀತಿ ವಿಶೇಷವಾದದ್ದು. ಹೆಚ್ಚಾಗಿ ಮಳೆಗಾಲದಲ್ಲಿ, ಕಳೆಯ ನಡುವೆ ಜಾಗ ತೆರವು ಮಾಡಿ ಮೊಟ್ಟೆ ಇಡುತ್ತದೆ. ಮೊಟ್ಟೆಗಳು ತೇಲುತ್ತವೆ. ಮರಿಯಾದ ಮೇಲೆ ಕೆಂಪು ಬಣ್ಣದ ಸಣ್ಣ ಮರಿಗಳು ಗುಂಪಾಗಿ ಉಸಿರಿಗಾಗಿ ಮೇಲೆ ಬರುವುದರಿಂದ ಆ ಜಾಗದಲ್ಲಿ ನೀರು ಕುದಿಯುತ್ತಿರುವಂತೆ ಕಾಣುತ್ತದೆ. ಅದರ ಕೆಳಗೆ ತಾಯಿ ತಂದೆ ಮೀನುಗಳು ಕಾವಲಿರುತ್ತವೆ. ಮರಿಗಳ ಹತ್ತಿರ ಯಾವ ಕಪ್ಪೆ, ಹಾವು, ಮೀನು ಬಂದರೂ ಹಸಿವಿಲ್ಲದಿದ್ದರೂ ನುಗ್ಗಿ ಕಚ್ಚುತ್ತವೆ. ಆ ಗುಂಪಿನ ಮೇಲೆ ಚಪ್ಪಲಿ ಕಪ್ಪೆ ಎಳೆದರೆ ಒಂದೆರಡು ಎಸೆತದಲ್ಲೇ ದೊಡ್ಡ ಕೊರವ ಸಿಗುತ್ತದೆ. ಇದು ಗೊತ್ತಿರುವವರು ಮರಿಗುಂಪು ಹುಡುಕಿಕೊಂಡೇ ಹೋಗುತ್ತಾರೆ, ಸಿಕ್ಕ ಮೀನಿನ ಫೋಟೋ ಹಂಚಿ ಶಹಬ್ಬಾಸ್ ಎನಿಸಿಕೊಳ್ಳುತ್ತಾರೆ. ಕಾವಲಿಲ್ಲದ ಮರಿಗಳನ್ನು ಬೇರೆ ಮೀನು, ಹಕ್ಕಿಗಳು ತಿಂದು ಮುಗಿಸುತ್ತವೆ. ಒಂದು ಮೀನು ಹಿಡಿದವನು ಲೆಕ್ಕಕ್ಕೆ ಸಿಗದಷ್ಟು ಮೀನು ಕೊಂದಂತಾಯಿತು.

ಕಾನೂನು ಪುಸ್ತಕ ತೆರೆದು ನೋಡುವ ಮೊದಲೇ ಇದು ಸರಿಯಲ್ಲವೆಂದು ಗಾಳ ಹಿಡಿದವನಿಗೆ ಗೊತ್ತಿರುತ್ತದೆ. ಅದು ಹೊಟ್ಟೆಯ ಆಸೆಗೆ ಬಂದ ಮೀನಲ್ಲ, ಮರಿ ಕಾಯಲು ಬಂದ ಮೀನು. ಸಿಡಿಮದ್ದು, ವಿಷ ಹಾಕಿ ಮೀನು ಹಿಡಿಯುವುದನ್ನು ಅಪರಾಧವೆಂದು ಸಾರುವ ಕಾಯ್ದೆ 1897ರಲ್ಲೇ ಬಂದಿತು, ಕರ್ನಾಟಕದ ಒಳನಾಡು ಮೀನುಗಾರಿಕೆಗೆ 1996ರ ಪ್ರತ್ಯೇಕ ಕಾಯ್ದೆಯೂ ಇದೆ. ಆದರೆ ಕೆರೆಯ ದಂಡೆಯಲ್ಲಿ ಮರಿಗುಂಪು ಕಂಡಾಗ ಪಕ್ಕದಲ್ಲಿ ಯಾವ ಅಧಿಕಾರಿಯೂ ಇರುವುದಿಲ್ಲ. ಮಲೆನಾಡಿನ ಹತ್ತುಮೀನಿನ ಕತೆಯೂ ಇಂಥದ್ದೇ. ಮೊದಲ ಮಳೆಗೆ ಮೊಟ್ಟೆ ತುಂಬಿಕೊಂಡು ಹಳ್ಳ, ಗದ್ದೆಗಳಿಗೆ ಏರಿಬರುವ ಮೀನುಗಳನ್ನು ಕೂಣಿ ಒಡ್ಡಿ, ಕತ್ತಿಯಲ್ಲಿ ಕಡಿದು ಹಿಡಿಯುವುದು ಹಿಂದಿನಿಂದ ಬಂದ ಸಂಭ್ರಮ. ಹಿಂದೆ ಮೀನೂ ಹೆಚ್ಚಿತ್ತು, ಹಿಡಿಯುವ ಕೈ ಕಡಿಮೆಯಿತ್ತು ಎಂದು ಹಿರಿಯರು ಹೇಳುವ ಮಾತಿನಲ್ಲಿ ಹುರುಳಿದೆ. ವಿಶ್ವಗುರು ಫ್ರಾನ್ಸಿಸ್ ಅವರು 2015ರಲ್ಲಿ ‘ಲೌದಾತೋ ಸಿ’ ವಿಶ್ವಪತ್ರದಲ್ಲಿ ಸೃಷ್ಟಿಯ ಜತನದ ಬಗ್ಗೆ ಬರೆದ ಮೇಲೆ ನಮ್ಮ ಧರ್ಮಕೇಂದ್ರಗಳಲ್ಲಿ ಸಸಿ ನೆಡುವುದು ವಾಡಿಕೆಯಾಗಿದೆ, ಒಳ್ಳೆಯದೇ. ನೀರಿನೊಳಗಿನ ಸೃಷ್ಟಿ ಕಣ್ಣಿಗೆ ಕಾಣದ ಕಾರಣ ನಮ್ಮ ಪಟ್ಟಿಯಲ್ಲಿ ಇನ್ನೂ ಬಂದಿಲ್ಲ.

ಯುವಜನರ ಸಂಘಟನೆ, ಧರ್ಮೋಪದೇಶ ತರಗತಿ ನಡೆಸುವವರಿಗೆ ಒಂದು ಸಲಹೆ. ಏಪ್ರಿಲ್-ಮೇ ರಜೆಯ ಶಿಬಿರದಲ್ಲಿ ಒಂದು ಮಧ್ಯಾಹ್ನ ನಕಲಿ ಎರೆ ಮಾಡಿಸಿ ನೋಡಿ. ಹನ್ನೆರಡು ವರ್ಷ ದಾಟಿದ ಮಕ್ಕಳು ಸಾಕು. ಕಲಿಸಲು ನಿವೃತ್ತ ಫಿಟ್ಟರ್ ಅಥವಾ ಬಡಗಿ ಒಬ್ಬರನ್ನು ಕರೆಯಿರಿ, ನಿಮ್ಮ ಧರ್ಮಕೇಂದ್ರದಲ್ಲೇ ಇಂಥವರು ಇದ್ದೇ ಇರುತ್ತಾರೆ, ಅವರನ್ನು ಯಾರೂ ಏನನ್ನೂ ಕೇಳಿರುವುದಿಲ್ಲ. ಹತ್ತು ಮಕ್ಕಳಿಗೆ ಎರಡು ಗರಗಸ, ನಾಲ್ಕು ಅರ, ಒಂದು ಕೈ ಡ್ರಿಲ್, ಎರಡು ಇಕ್ಕಳ, ಮರಳು ಕಾಗದ, ಮನೆಯಿಂದ ತಂದ ಒಂದೊಂದು ಚಮಚ ಮತ್ತು ಒಂದೊಂದು ಸವೆದ ಚಪ್ಪಲಿ ಸಾಕಾಗುತ್ತದೆ. ಕೊರೆಯುವಾಗ ಎಲ್ಲರೂ ಕನ್ನಡಕ ಹಾಕಿಕೊಳ್ಳಲಿ. ಅಂಗಳದಲ್ಲಿ ದೊಡ್ಡ ಹಂಡೆಯಲ್ಲಿ ನೀರು ತುಂಬಿಸಿ ಸರದಿಯಂತೆ ಈಜಿಸಿ ನೋಡಲಿ. ಗಾಳಗಳು ಮಾತ್ರ ಅಂದು ಹಿರಿಯರ ಡಬ್ಬಿಯಲ್ಲೇ ಇರಲಿ. ಹಂಡೆಯಲ್ಲಿ ಸರಿಯಾಗಿ ಈಜಿದ ಎರೆಗೆ, ಅದೂ ನೀರಿಗೆ ಹೋಗುವ ದಿನ ದೊಡ್ಡವರೊಬ್ಬರು ಜೊತೆಗಿದ್ದಾಗ, ಗಾಳ ಕಟ್ಟಿಕೊಟ್ಟರೆ ಸಾಕು.